ನಮ್ಮ ನೆನಪಿಗೆ ನಮ್ಮ ಭಾಷೆ ಬೇಡವೇ?

ಲಾರಿಯ ಬಂಪರಿಗೆ ಸುತ್ತಿದ ಕಪ್ಪು ಕೂದಲ ಹಗ್ಗವನ್ನು ನೋಡದವರು ನಮ್ಮಲ್ಲಿ ವಿರಳ. ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂಬ ಚಾಲಕನ ಅಳುಕು ಅದರಲ್ಲಿದೆ. ಹರಕೆ ಹೊತ್ತು ದೇವರಿಗೆ ಮುಡಿ ಕೊಟ್ಟವರ ಬದುಕೂ ಅದರಲ್ಲಿದೆ. ಉದ್ದನೆಯ ಕೂದಲು ವಿಗ್ ತಯಾರಕರ ಪಾಲಾಗುತ್ತದೆ. ಉಳಿದ ತುಂಡುಗೂದಲು ಹಗ್ಗವಾಗಿ ಹೆದ್ದಾರಿಗೆ ಬರುತ್ತದೆ. ಭಕ್ತಿ, ಭಯ, ವ್ಯಾಪಾರ ಮೂರೂ ಸೇರಿ ಹೊಸೆದ ಹಗ್ಗವಿದು.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ, ಇಂತಹ ಸುಮಾರು 4,000 ಮೀಟರ್ ಹಗ್ಗ ಹಾಗೂ ಕಾರಿನ 20 ಉಕ್ಕಿನ ಬಂಪರ್‌ಗಳಿಂದ ‘ಬಿಹೋಲ್ಡ್’ ಎಂಬ ಕೃತಿಯನ್ನು ರಚಿಸಿದರು. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾದ ಅದು ಇಂದು ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ. 1990ರ ದಶಕದಲ್ಲಿಯೇ ಅವರು ಸಗಣಿ, ಸೂಜಿ–ದಾರ, ಕುಂಕುಮಗಳನ್ನು ಕಲೆಯ ಸಾಮಗ್ರಿಯಾಗಿಸಿದ್ದರು. ಉತ್ಸವದ ಸ್ತಬ್ಧಚಿತ್ರಗಳಲ್ಲಿ ಕಾಣದ ನಮ್ಮ ಸಂಸ್ಕೃತಿ ಇಂತಹ ವಸ್ತುಗಳಲ್ಲಿದೆ.

‘ಇದೂ ಒಂದು ಕಲೆಯೇ?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಅಜ್ಞಾನವೆಂದು ತಳ್ಳಿಹಾಕಲಾರೆ. ಕೆಲವು ವರ್ಷಗಳ ಹಿಂದೆ ಊರಿನಿಂದ ಬಂದಿದ್ದ ನನ್ನ ಸೋದರತ್ತೆಯನ್ನು ನಗರದ ಗ್ಯಾಲರಿಯೊಂದಕ್ಕೆ ಕರೆದೊಯ್ದಿದ್ದೆ. ಅಲ್ಲಿ ಹಳೆಯ ಮೊರಗಳನ್ನು ಜೋಡಿಸಿ ರಚಿಸಿದ ಕೃತಿಯೊಂದಿತ್ತು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ‘ನಮ್ಮ ಮನೆಯ ಮೊರದ ಹಾಗೇ ಇದೆಯಲ್ಲೋ, ಗೋಡೆ ಮೇಲೆ ಏನಂತ ಬರೆದಿದ್ದಾರೆ?’ ಎಂದರು. ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅದೂ ಎಂತಹ ಇಂಗ್ಲಿಷ್ ಎಂದರೆ, ಅನುವಾದಿಸಿ ಹೇಳಲು ನಾನೇ ತಡವರಿಸಿದೆ. ಅಕ್ಕಿ ಕೇರಿ ಕೇರಿ ಬೆರಳು ಸವೆಸಿಕೊಂಡವರಿಗೆ ಮೊರದ ಅರ್ಥ ತಿಳಿಯದೇ ಹೋಯಿತು ಎನ್ನುವುದಾದರೆ ತಪ್ಪು ಯಾರದು?

ಬೆಂಗಳೂರಿನಲ್ಲಿ ಕಲೆಗೆ ಜಾಗಗಳು ಹೆಚ್ಚಿವೆ. 2009ರಲ್ಲಿ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆರಂಭವಾಯಿತು. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಆದರೆ ಕಟ್ಟಡ ಕಟ್ಟಿದ ಮಾತ್ರಕ್ಕೆ ನೋಡುಗ ಹುಟ್ಟುವುದಿಲ್ಲ. ನಮ್ಮ ನೆನಪುಗಳನ್ನು ಕುರಿತ ಕಲೆ ನಮ್ಮೊಡನೆಯೇ ಮಾತನಾಡದಿದ್ದರೆ, ಅದು ನಮ್ಮ ಬಗ್ಗೆ ಪರರು ನಡೆಸುವ ಚರ್ಚೆಯಾಗಿ ಉಳಿಯುತ್ತದೆ.

ಪ್ರತಿ ಪ್ರದರ್ಶನದಲ್ಲೂ ಸರಳ ಕನ್ನಡದ ವಿವರಣೆ ಇರಲಿ. ಇಂತಹ ಕೃತಿಗಳನ್ನು ಸರ್ಕಾರ ಕೊಂಡು ಜಿಲ್ಲಾ ಕೇಂದ್ರಗಳಲ್ಲಿ ಪ್ರದರ್ಶಿಸಲಿ. ಶಾಲಾ ಮಕ್ಕಳು ಅವುಗಳ ಮುಂದೆ ನಿಂತು ಪ್ರಶ್ನೆ ಕೇಳಲಿ. ಕಲಾವಿಮರ್ಶೆಗೆ ಜಾಗ ಕೊಡದ ನಾವು ಪತ್ರಿಕೆಯವರೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.