ಬೀಳ್ಕೊಡುಗೆಗೆ ಎರಡು ವರ್ಷ ಮೊದಲು

ಮಕ್ಕಳು ಓದಲು ಫಾರಿನ್‌ಗೆ ಹೊರಟರೆಂದರೆ ನಮ್ಮ ಕಡೆ ವಿರೂಪಾಕ್ಷನ ದರ್ಶನ, ಹಾರ-ಶಾಲು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಎಲ್ಲವೂ ಪ್ರೀತಿಯಿಂದ ನಡೆಯುತ್ತವೆ. ನಡೆಯಬೇಕಾದದ್ದೇ. ಆದರೆ ಆ ಹೊತ್ತಿಗೆ ಯಾವ ದೇಶ, ಯಾವ ಕೋರ್ಸು, ಎಷ್ಟು ಸಾಲ ಎಂಬುದೆಲ್ಲ ತೀರ್ಮಾನವಾಗಿ ಹೋಗಿರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ತೀರ್ಮಾನಿಸಿದವನು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತ ಏಜೆಂಟ್. ಹೊಸಪೇಟೆ, ಸಂಡೂರು, ಕಂಪ್ಲಿಯ ಕಾಲೇಜುಗಳು ದಾರಿ ತೋರುವ ಹೊಣೆಯನ್ನು ಇನ್ನಾದರೂ ತಾವೇ ಹೊರಬೇಕು.

ವೈದ್ಯಕೀಯದ ಮಾತು ಮೊದಲು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ರಷ್ಯಾದ ದಾಳಿಗೆ ಬಲಿಯಾದಾಗ ಇಡೀ ರಾಜ್ಯ ಅತ್ತಿತು. ಇಲ್ಲಿ ಸರ್ಕಾರಿ ಸೀಟು ಕೈತಪ್ಪಿ, ಖಾಸಗಿ ಸೀಟಿನ ಶುಲ್ಕ ಕೈಗೆಟುಕದೆ ನಮ್ಮ ಮಕ್ಕಳು ಅಷ್ಟು ದೂರ ಹೋಗುತ್ತಾರೆ ಎಂಬುದು ಆಗ ಎಲ್ಲರಿಗೂ ಕಂಡಿತು. ಅದಕ್ಕೆ ಕೆಲವೇ ತಿಂಗಳ ಮೊದಲು, 2021ರ ನವೆಂಬರ್‌ನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ವಿದೇಶದಲ್ಲಿ ವೈದ್ಯಕೀಯ ಓದುವವರಿಗೆ ಹೊಸ ನಿಯಮ ತಂದಿತ್ತು. ಕೋರ್ಸು ಕನಿಷ್ಠ 54 ತಿಂಗಳು, ಬೋಧನೆ ಇಂಗ್ಲಿಷಿನಲ್ಲಿ, ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲಿ ವೈದ್ಯವೃತ್ತಿಗೆ ಅರ್ಹತೆ, ಮರಳಿದ ಮೇಲೆ ಇಲ್ಲಿ ಮತ್ತೆ 12 ತಿಂಗಳು. ಜೊತೆಗೆ ಇಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು 300 ಅಂಕಗಳ ಪರೀಕ್ಷೆಯಲ್ಲಿ 150 ಬರಲೇಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆರು ವರ್ಷದ ಓದು ಇಲ್ಲಿ ನಡೆಯುವುದಿಲ್ಲ. ಪಿಯುಸಿ ಓದುತ್ತಿರುವಾಗಲೇ ಮಕ್ಕಳಿಗೂ ತಂದೆತಾಯಿಗೂ ಇದನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳಬೇಕು. ಪ್ಯಾಕೇಜ್ ಮಾರುವವನಿಂದ ಆ ಮಾತು ಬಂದೀತೆಂದು ಕಾಯುವುದು ಸರಿಯಲ್ಲ.

ಕಾಗದಪತ್ರದ ತೊಡಕು ನಮ್ಮಲ್ಲಿ ತುಸು ಹೆಚ್ಚೇ. 2014ರ ನವೆಂಬರ್ 1ರಂದು ಹೊಸಪೇಟೆ, ಬಳ್ಳಾರಿಯಂಥ ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು, 2021ರಲ್ಲಿ ಹೊಸಪೇಟೆಯ ಜಿಲ್ಲೆಯೇ ಬದಲಾಯಿತು. ಹೀಗಾಗಿ ಜನನ ಪತ್ರದಲ್ಲಿ ‘ಹಾಸ್ಪೆಟ್, ಬೆಲ್ಲಾರಿ’ ಎಂದಿರುವ ಹುಡುಗಿಯ ಆಧಾರ್‌ನಲ್ಲಿ ‘ಹೊಸಪೇಟೆ, ವಿಜಯನಗರ’ ಇರುತ್ತದೆ. ಅದರ ಮೇಲೆ ಇನಿಷಿಯಲ್ ಗೊಂದಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಜರ್ಮನಿಗೆ ಹೊರಟವರಿಗೆ 2022ರ ನವೆಂಬರ್‌ನಿಂದ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. ಇವೆಲ್ಲ ಕಡೆಯ ತಿಂಗಳಲ್ಲಿ ಓಡಾಡಿ ಮುಗಿಸುವ ಕೆಲಸಗಳಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂದು ಕೇಳಿ ಹಿಗ್ಗುವವರು, ಒಂದು ವರ್ಷದ ಖರ್ಚಿಗೆಂದು 11,904 ಯೂರೊವನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು ಎಂದಾಗ ಗದ್ದೆಯ ಪಹಣಿ ಹಿಡಿದು ಬ್ಯಾಂಕಿಗೆ ಓಡುತ್ತಾರೆ. ಕಂಪ್ಲಿಯ ಭತ್ತದ ಗದ್ದೆಯ ಆದಾಯ ತುಂಗಭದ್ರೆಯ ನೀರನ್ನು ನಂಬಿದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟಿನ ರೈತರ ಎದೆ ನಡುಗಿದ್ದನ್ನು ಕಂಡಿದ್ದೇವೆ. ಸಾಲದ ಕಂತಿಗೆ ಆ ನಡುಕ ಗೊತ್ತಿಲ್ಲ.

ನೆರವು ಇಲ್ಲವೆಂದಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶ ವ್ಯಾಸಂಗಕ್ಕೇ ಇದೆ. ಸಂಡೂರು, ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು; ಇಲ್ಲಿನ ವಾಲ್ಮೀಕಿ ನಾಯಕರ ಮನೆಗಳಿಗೆ, ಸುಶೀಲಾನಗರದ ಲಂಬಾಣಿ ಕಸೂತಿಯ ತಾಯಂದಿರಿಗೆ ಈ ಸುದ್ದಿ ಮುಟ್ಟಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಆದರೆ 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ಸಂಶೋಧನೆಗೆ ಅದು ಸಿಗುವುದಿಲ್ಲ. ವಿದ್ವಾಂಸರಾದ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಹೊರಗಿನಿಂದ ಬಂದು ದಶಕಗಳ ಕಾಲ ಅಳೆದು ಬರೆದ ಹಂಪಿಯನ್ನು, ಹಂಪಿಯದೇ ದಲಿತ ಹುಡುಗಿ ಹೊರಗೆ ಹೋಗಿ ಓದಲು ಆ ನೆರವು ಇಲ್ಲ ಎನ್ನುವುದು ಅನ್ಯಾಯ. ನಿಯಮ ಬದಲಾಗಬೇಕು.

ಇನ್ನು ಓದಿನ ರೀತಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ಮೇಷ್ಟ್ರ ಮಾತಿಗೆ ಎದುರು ಪ್ರಶ್ನೆ ಹಾಕುವ, ಬೇರೆಯವರ ಬರಹ ಎತ್ತಿಕೊಂಡರೆ ಮೂಲ ಹೇಳುವ ರೂಢಿ ನಾವು ಮಾಡಿಸಿಲ್ಲ. ನೋಟ್ಸ್ ಕಾಪಿ ಮಾಡುವುದನ್ನು ಇಲ್ಲಿ ಸಹಿಸಿದ್ದೇವೆ. ಅಲ್ಲಿ ಅದಕ್ಕೆ ಹೊರಗೆ ಹಾಕುತ್ತಾರೆ. ಮನಸ್ಸು ಕುಗ್ಗಿದಾಗ ಮನೆಗೆ ಫೋನ್ ಮಾಡಿ ‘ಆಗ್ತಿಲ್ಲಪ್ಪ’ ಎನ್ನುವ ಧೈರ್ಯವನ್ನೂ ಕೊಟ್ಟು ಕಳಿಸಬೇಕು. ಫ್ಲೆಕ್ಸ್ ಹಾಕಿಸಿದ ಅಪ್ಪನಿಗೆ ಹಾಗೆ ಹೇಳಲು ಎಷ್ಟೋ ಮಕ್ಕಳು ಹೆದರುತ್ತಾರೆ.

ಬೇಕಿರುವುದು ದೊಡ್ಡ ಕಟ್ಟಡವಲ್ಲ. ಹೊಸಪೇಟೆಯಲ್ಲಿ ಒಂದು, ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಒಂದು, ಕಂಪ್ಲಿಯಲ್ಲಿ ಒಂದು ಮಾರ್ಗದರ್ಶನ ಮೇಜು. ಕಮಿಷನ್ ಇಲ್ಲದ ಒಬ್ಬ ತರಬೇತಿ ಪಡೆದ ಅಧ್ಯಾಪಕರು, ಬ್ಯಾಂಕಿನಿಂದ ಒಬ್ಬರು, ರಜೆಗೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು. ಇದಕ್ಕೆ ಹಣದ ದಾರಿಯೂ ಇದೆ. ಗಣಿಬಾಧಿತ ಪ್ರದೇಶಕ್ಕೆಂದು 2015ರ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ ಆದ್ಯತೆಯ ಬಾಬತ್ತು. ಅದಿರಿನ ಧೂಳು ಕುಡಿದು ಬೆಳೆದ ಮಕ್ಕಳಿಗೆ ಆ ನಿಧಿಯ ಹಣ ಸಲ್ಲಬೇಕಾದದ್ದೇ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳ ಪ್ರತಿಷ್ಠಾನಗಳು ಮುಂದಿನ ಸಭೆಯಲ್ಲೇ ಇದನ್ನು ಕೈಗೆತ್ತಿಕೊಳ್ಳಲಿ.