ಬೊಜ್ಜಿನ ಶಸ್ತ್ರಚಿಕಿತ್ಸೆ: ಲೆಕ್ಕ ಇಡುವವರು ಯಾರು?

ಧಂತೋಲಿ, ರಾಮದಾಸಪೇಠ್‌ಗಳಲ್ಲಿ ಆಸ್ಪತ್ರೆಗಳು ಸಾಲುಗಟ್ಟಿ ನಿಂತಿರುವ ನಮ್ಮ ನಾಗಪುರದಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಈಗ ಮಧ್ಯಮ ವರ್ಗದ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದರಲ್ಲಿ ಆಶ್ಚರ್ಯವೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 23ರಷ್ಟು ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಆದರೆ ಆಪರೇಷನ್‌ಗೆ ಮನಸ್ಸು ಮಾಡಿದ ಕುಟುಂಬವೊಂದು, ‘ಇಲ್ಲಿ ನೂರರಲ್ಲಿ ಎಷ್ಟು ಮಂದಿಗೆ ತೊಂದರೆಯಾಗಿದೆ? ಐದು ವರ್ಷಗಳ ಬಳಿಕ ಎಷ್ಟು ಮಂದಿಯ ತೂಕ ಮರಳಿ ಬಂದಿದೆ?’ ಎಂದು ವಿಚಾರಿಸಿದರೆ, ಉತ್ತರ ದೊರೆಯುವುದು ವೈದ್ಯರ ಬಾಯಿಮಾತಿನಲ್ಲಿಯೇ ಹೊರತು ಹೊರಗಿನವರು ಪರಿಶೀಲಿಸಿದ ದಾಖಲೆಯಲ್ಲಿ ಅಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಚಿಕಿತ್ಸೆಯ ಬಳಿಕ ಮೃತಪಟ್ಟಾಗ ಕನ್ನಡಿಗರೆಲ್ಲ ಮರುಗಿದರು. ಅದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಜಠರವನ್ನು ಕಿರಿದುಗೊಳಿಸುವ ಅಥವಾ ಕರುಳಿನ ಹಾದಿಯನ್ನು ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ. ಜನರ ಮನಸ್ಸಿನಲ್ಲಿ ಮಾತ್ರ ಎರಡೂ ಒಂದಾಗಿಬಿಟ್ಟಿವೆ. ಒಂದು ಸಾವಿನಿಂದ ಭಯ ಹುಟ್ಟೀತು, ಅಪಾಯದ ಪ್ರಮಾಣ ತಿಳಿಯದು. ಒಂದು ಸಾಲ ಮುಳುಗಿದ್ದನ್ನು ನೋಡಿ ಶಾಖೆಯ ಸ್ಥಿತಿಯನ್ನು ಅಳೆಯಲಾಗದು, ಲೆಡ್ಜರ್ ಪೂರ್ತಿ ನೋಡಬೇಕೆಂಬುದು ಬ್ಯಾಂಕಿನಲ್ಲಿ ದುಡಿಯುವ ನಮಗೆಲ್ಲ ಗೊತ್ತಿರುವ ಸಂಗತಿ.

ಅಂತಹ ಲೆಡ್ಜರ್ ಅನ್ನು ಸ್ವೀಡನ್ 2007ರಲ್ಲಿಯೇ ತೆರೆಯಿತು. ದೇಶದ ಬಹುತೇಕ ಎಲ್ಲ ಬೊಜ್ಜಿನ ಶಸ್ತ್ರಚಿಕಿತ್ಸೆಗಳೂ ಅದರಲ್ಲಿ ದಾಖಲಾಗುತ್ತವೆ. ಬೈಪಾಸ್ ಮಾಡುವಾಗ ಕರುಳಿನ ಪೊರೆಯಲ್ಲಿ ಉಂಟಾಗುವ ಸಂದುಗಳನ್ನು ಹೊಲಿಯಬೇಕೋ ಹಾಗೆಯೇ ಬಿಡಬೇಕೋ ಎಂಬ ವಿಷಯದಲ್ಲಿ ವೈದ್ಯರಲ್ಲಿ ಒಮ್ಮತವಿರಲಿಲ್ಲ. 12 ಕೇಂದ್ರಗಳ 2,507 ರೋಗಿಗಳನ್ನು ಎರಡು ಗುಂಪು ಮಾಡಿ, ಅವರ ಮುಂದಿನ ಸ್ಥಿತಿಯನ್ನು ಇದೇ ದಾಖಲೆಯ ಮೂಲಕ ಗಮನಿಸಲಾಯಿತು. 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಕರುಳಿನ ತಡೆಯಿಂದಾಗಿ ಮೂರು ವರ್ಷಗಳಲ್ಲಿ ಮರು ಆಪರೇಷನ್ ಬೇಕಾದವರು ಹೊಲಿಯದ ಗುಂಪಿನಲ್ಲಿ ಶೇ. 10.2, ಹೊಲಿದ ಗುಂಪಿನಲ್ಲಿ ಶೇ. 5.5. ಆರಂಭದ ದಿನಗಳ ತೀವ್ರ ತೊಂದರೆ ಮಾತ್ರ ಹೊಲಿದವರಲ್ಲಿಯೇ ತುಸು ಹೆಚ್ಚು. ಲಾಭವನ್ನೂ ನಷ್ಟವನ್ನೂ ಒಂದೇ ಪುಟದಲ್ಲಿ ತೋರಿಸಿದ ಈ ಪ್ರಾಮಾಣಿಕತೆ ನನಗೆ ಹಿಡಿಸಿತು.

ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 2006ರಿಂದ ಇಂತಹ ದಾಖಲೆಗೆ ಹಣ ಒದಗಿಸುತ್ತಿರುವುದು ಆರೋಗ್ಯ ವಿಮಾ ಸಂಸ್ಥೆ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರದಂತೆ ರಕ್ತನಾಳದಲ್ಲಿ ಇಡುತ್ತಿದ್ದ ಜಾಲರಿಯಿಂದ ಪ್ರಯೋಜನವಿಲ್ಲವೆಂದು ಅದರ ಅಂಕಿಗಳು ತೋರಿದ ಮೇಲೆ ಆ ರೂಢಿ ಕಡಿಮೆಯಾಯಿತು. 2013ರಲ್ಲಿ ಅಲ್ಲಿಯ 20 ಶಸ್ತ್ರವೈದ್ಯರ ಆಪರೇಷನ್ ವಿಡಿಯೋಗಳಿಗೆ ಸಹ ವೈದ್ಯರೇ ಅಂಕ ನೀಡಿದರು. ಕೈಚಳಕದಲ್ಲಿ ಕೆಳಗಿನ ಸ್ಥಾನದವರ ರೋಗಿಗಳಲ್ಲಿ ತೊಂದರೆ ಶೇ. 14.5, ಮೇಲಿನವರಲ್ಲಿ ಶೇ. 5.2!

ನಮ್ಮಲ್ಲಿ ಇದು ಅಸಾಧ್ಯವೇ? ಬೆಂಗಳೂರು, ಮುಂಬಯಿ, ಚೆನ್ನೈಗಳ ಕ್ಯಾನ್ಸರ್ ದಾಖಲೆಗಳಿಂದ 1981–82ರಲ್ಲಿ ಆರಂಭವಾದ ರಾಷ್ಟ್ರೀಯ ಜಾಲದಲ್ಲಿ ನಾಗಪುರವೂ ಸೇರಿದೆ. ಬೊಜ್ಜಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಭಾರತದ ವೈದ್ಯರು ಅಂತರರಾಷ್ಟ್ರೀಯ ದಾಖಲೆಗೆ ಅಂಕಿಗಳನ್ನು ಕಳುಹಿಸಿದ್ದುಂಟು. ಆದರೆ ಅದು ಐಚ್ಛಿಕ. ಇಚ್ಛೆಯಿದ್ದವರು ಮಾತ್ರ ತೋರಿಸುವ ಲೆಕ್ಕದಲ್ಲಿ ಕೆಟ್ಟ ಖಾತೆಗಳು ಕಾಣುವುದು ಅಪರೂಪ. ಮೇಲಾಗಿ, ಚಂದ್ರಪುರ, ಛಿಂದ್ವಾಡಾಗಳಿಂದ ಇಲ್ಲಿಗೆ ಬಂದು ಚಿಕಿತ್ಸೆ ಪಡೆದವರು ಊರಿಗೆ ಮರಳಿದ ಮೇಲೆ ಅವರ ಸುದ್ದಿ ಯಾರಿಗೆ ತಿಳಿಯಬೇಕು?

ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ, ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೆ ಗಂಭೀರ ಕಾಯಿಲೆಗಳೊಡನೆ 35 ಇದ್ದರೆ, ನಿಗದಿತ ಷರತ್ತುಗಳಿಗೊಳಪಟ್ಟು ಈ ಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡುವಂತಿಲ್ಲ. ಹಣ ಕೊಡುವ ಸಂಸ್ಥೆಗಳು ‘ದಾಖಲಿಸಿದರೆ ಮಾತ್ರ ಬಿಲ್ಲು ಪಾವತಿ’ ಎಂದು ಏಕೆ ಹೇಳಬಾರದು? ಅಂಕಿಗೆ ಹೆದರಿ ಆಸ್ಪತ್ರೆಗಳು ಕಷ್ಟದ ರೋಗಿಗಳನ್ನು ದೂರವಿಡಬಹುದೆಂಬ ಆಕ್ಷೇಪ ನಿಜವೇ. ಆದ್ದರಿಂದ ರೋಗಿಯ ವಯಸ್ಸು, ಮಧುಮೇಹ, ಹೃದ್ರೋಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೋಲಿಸಬೇಕು. ಹೆಸರು ಗುಪ್ತವಾಗಿರಲಿ. ಮೊದಲ 30 ದಿನ, ಒಂದು ವರ್ಷ, ಐದು ವರ್ಷ ಎಂಬ ಮೂರು ಹಂತಗಳ ಸ್ಥಿತಿ ಬರೆದಿಟ್ಟರೂ ಆರಂಭಕ್ಕೆ ಸಾಕು.