ದೋಷ ಅಜ್ಜಿಯ ಕಿವಿಯಲ್ಲೋ, ಫೋನಿನಲ್ಲೋ?

ಪರವೂರಿನಲ್ಲಿ ಓದುತ್ತಿರುವ ಮೊಮ್ಮಗಳು ಭಾನುವಾರ ಮನೆಗೆ ಫೋನ್ ಮಾಡುತ್ತಾಳೆ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ ಹಿಡಿದ ಅಜ್ಜಿ, ‘ಏನಂದೆ ಪುಟ್ಟೀ? ಇನ್ನೊಂದ್ಸಲ ಹೇಳು’ ಎನ್ನುತ್ತಾರೆ. ಮೂರು ಸಲ ಕೇಳಿದ ಮೇಲೆ ಸಪ್ಪೆ ಮುಖ ಮಾಡಿಕೊಂಡು ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಅಜ್ಜಿಗೆ ಕಿವಿ ಮಂದವಾಯಿತೆಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಆದರೆ ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಡವೇ?

ಮಾತು ಮನೆಯೊಳಗೆ ಬರುವುದು ಎರಡು ಹಂತಗಳಲ್ಲಿ. ಟೆಲಿಫೋನ್ ಲೈನಿನಿಂದ ಬೇಸ್‌ವರೆಗೆ ಅದು ತಂತಿಯಲ್ಲಿ ಬರುತ್ತದೆ. ಬೇಸ್‌ನಿಂದ ಹ್ಯಾಂಡ್‌ಸೆಟ್‌ಗೆ ರೇಡಿಯೋ ತರಂಗವಾಗಿ ಬರುತ್ತದೆ. ತಪ್ಪು ಯಾವ ಹಂತದ್ದೆಂದು ತಿಳಿಯಲು ಬೇಸನ್ನು ಬಿಚ್ಚಿ, ಅದೇ ಲೈನಿಗೆ ತಂತಿಯುಳ್ಳ ಸಾಮಾನ್ಯ ಫೋನನ್ನು ಜೋಡಿಸಬೇಕು. ಅದರಲ್ಲೂ ಗೊರಗೊರ ಸದ್ದು ಬಂದರೆ ಕಾರ್ಡ್‌ಲೆಸ್ ನಿರಪರಾಧಿ. ಮಳೆಗಾಲದಲ್ಲಿ ತಾಮ್ರದ ತಂತಿಯ ಜೋಡಣೆಗಳಿಗೆ ನೀರು ಇಳಿದರೆ ಹೀಗಾಗುವುದುಂಟು. ಅದೇ ತಂತಿಯಲ್ಲಿ ಇಂಟರ್‌ನೆಟ್ ಕೂಡ ಬರುತ್ತಿದ್ದು, ನಡುವೆ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಇಲ್ಲದಿದ್ದರೂ ಸುಯ್ಯೆಂಬ ಸದ್ದು ಬರುತ್ತದೆ.

ತಂತಿಯ ಫೋನಿನಲ್ಲಿ ಮಾತು ಸ್ಪಷ್ಟವಾಗಿದ್ದರೆ ಕಾರ್ಡ್‌ಲೆಸ್ಸನ್ನೇ ಪರೀಕ್ಷಿಸಬೇಕು. ಈಗ ಬಹಳ ಮನೆಗಳಲ್ಲಿರುವುದು ಡೆಕ್ಟ್ ಪದ್ಧತಿಯ ಡಿಜಿಟಲ್ ಫೋನು. ಇದರ ರೇಡಿಯೋ ಸಂಕೇತ ದುರ್ಬಲವಾದರೆ ಸುಯ್ಯೆನ್ನುವುದಿಲ್ಲ. ಬದಲಿಗೆ ಮಾತು ತುಂಡು ತುಂಡಾಗುತ್ತದೆ. ಇದರ ಆವರ್ತನ ಸುಮಾರು 1900 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 190 ಕೋಟಿ ಕಂಪನ. ತರಂಗದ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಭಾಗಿಸಿ ನೋಡಿದರೆ ತರಂಗಾಂತರ ಸುಮಾರು 16 ಸೆಂಟಿಮೀಟರ್. ಗೋಡೆ, ಕಬ್ಬಿಣದ ಬೀರು, ಫ್ರಿಜ್ಜುಗಳಿಗೆ ಬಡಿದು ಹಿಂತಿರುಗಿದ ತರಂಗ ನೇರವಾಗಿ ಬಂದ ತರಂಗವನ್ನು ಕೆಲವೆಡೆ ಬಲಪಡಿಸುತ್ತದೆ, ಕೆಲವೆಡೆ ಕುಗ್ಗಿಸುತ್ತದೆ. ಆದ್ದರಿಂದಲೇ ಒಂದು ಗೇಣು ಆಚೀಚೆ ಸರಿದರೆ ಮಾತು ತಿಳಿಯಾಗುವುದುಂಟು. ಬೀರುವಿನ ಹಿಂದೆ ಅಡಗಿರುವ ಬೇಸನ್ನು ಎತ್ತರದ ತೆರೆದ ಜಾಗದಲ್ಲಿಟ್ಟರೆ ಅರ್ಧ ಕಾಯಿಲೆ ವಾಸಿ. 2.4 ಗಿಗಾಹರ್ಟ್ಸ್ ಮಾದರಿಯಾದರೆ ಅದನ್ನು ವೈಫೈ ಪೆಟ್ಟಿಗೆಯಿಂದಲೂ ಮೈಕ್ರೋವೇವ್ ಒಲೆಯಿಂದಲೂ ದೂರವಿಡಬೇಕು. ಅವೂ ಇದೇ ಆವರ್ತನದ ನೆರೆಹೊರೆಯವರು.

ಮುಂದೆ ಸಣ್ಣಪುಟ್ಟ ಕಾರಣಗಳು. ಕಿವಿಗಿಡುವ ಕಡೆಯ ರಂಧ್ರಗಳಲ್ಲಿ ಧೂಳು ತುಂಬಿದ್ದರೆ ನಮಗೆ ಕೇಳಿಸದು. ಬಾಯಿಯ ಕಡೆಯವು ಮುಚ್ಚಿದ್ದರೆ ಅತ್ತಲವರಿಗೆ ಕೇಳಿಸದು. ಒಣ ಮೃದುವಾದ ಬ್ರಷ್ ಸಾಕು, ನೀರು ಬೇಡ. ಸೆಲ್‌ಗಳು ಹಳತಾಗಿದ್ದರೆ ಮಾತು ನಡುವೆಯೇ ಕಡಿದುಹೋಗುತ್ತದೆ. ಬದಲಿಸುವಾಗ ಮರುಚಾರ್ಜ್ ಆಗುವಂಥವನ್ನೇ ಹಾಕಬೇಕು. ಸಾಮಾನ್ಯ ಟಾರ್ಚ್ ಸೆಲ್‌ಗಳನ್ನು ಚಾರ್ಜ್ ಮಾಡಿದರೆ ಅವು ಸೋರಬಹುದು, ಸಿಡಿಯಲೂಬಹುದು.

ವಿದ್ಯಾರ್ಥಿಗಳು ಒಂದು ನಿಯಮ ಮರೆಯಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬೇಸ್, ಸೆಲ್, ತಂತಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಫೋನು ಸರಿಹೋದರೂ ಕಾರಣ ತಿಳಿಯದು. ಪ್ರಯೋಗಶಾಲೆಯಲ್ಲಿ ಕಲಿಯುವ ಪಾಠವೂ ಇದೇ.

ಕೊನೆಯ ಪರೀಕ್ಷೆ: ಅದೇ ಫೋನು, ಅದೇ ಜಾಗ, ಅದೇ ಕರೆ. ಮನೆಮಂದಿಗೆಲ್ಲ ಸ್ಪಷ್ಟವಾಗಿ ಕೇಳಿಸಿ ಅಜ್ಜಿಗೆ ಮಾತ್ರ ಕೇಳಿಸದಿದ್ದರೆ ತಡಮಾಡದೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಲ್ಲರಿಗೂ ಅಸ್ಪಷ್ಟವಾಗಿದ್ದರೆ ಅಜ್ಜಿಯ ಕಿವಿಯನ್ನು ದೂರುವುದನ್ನು ಬಿಟ್ಟು ಬೇಸನ್ನು ಬೀರುವಿನ ಹಿಂದಿನಿಂದ ಈಚೆಗೆ ತೆಗೆಯಬೇಕು. ಮುಂದಿನ ಭಾನುವಾರ ಮೊಮ್ಮಗಳ ಕರೆ ಬಂದಾಗ ಮೊದಲು ಫೋನೆತ್ತುವವರು ಅಜ್ಜಿಯೇ ಆಗಿರಲಿ.